ಕಾಲಿನ ಹರಡು ಮತ್ತು ಕೃತಕ ಕೀಲು

ಮಹಾರಾಷ್ಟ್ರದ ನಗರದಲ್ಲಿದ್ದು ಕನ್ನಡದಲ್ಲಿ ವಿದ್ಯಾಭ್ಯಾಸ ಮಾಡುತ್ತಿರುವ ನಮ್ಮ ವಿದ್ಯಾರ್ಥಿಗಳಿಗೆ ನಾಸಿಕವೂ ಛತ್ರಪತಿ ಸಂಭಾಜಿನಗರವೂ ಕೇವಲ ನಕಾಶೆಯ ಮೇಲಿನ ಹೆಸರುಗಳಲ್ಲ. ೨೦೨೩ರವರೆಗೆ ಔರಂಗಾಬಾದ್ ಎಂದು ಕರೆಯಲ್ಪಡುತ್ತಿದ್ದ ಸಂಭಾಜಿನಗರದ ಸಮೀಪದಲ್ಲಿಯೇ ವೇರೂಳವಿದೆ. ಅಲ್ಲಿ ಒಂದೇ ಬಂಡೆಯಲ್ಲಿ ಕಂಡರಿಸಿದ ಕೈಲಾಸ ದೇವಾಲಯವು ರಾಷ್ಟ್ರಕೂಟರ ಒಂದನೆಯ ಕೃಷ್ಣನ ಹೆಸರನ್ನು ಉಳಿಸಿಕೊಂಡಿದೆ. ಅವನ ಮೊಮ್ಮಗನಾದ ಮೂರನೆಯ ಗೋವಿಂದನು ತಾಮ್ರಶಾಸನಗಳನ್ನು ಹೊರಡಿಸಿದ ಮಯೂರಖಂಡಿಯು ನಾಸಿಕ ಜಿಲ್ಲೆಯಲ್ಲಿತ್ತೆಂದು ವಿದ್ವಾಂಸರು ಗುರುತಿಸಿದ್ದಾರೆ. ಆ ಗೋವಿಂದನ ಮಗನೇ ನಮ್ಮ ನೃಪತುಂಗ.

ಈ ಎರಡು ಜಿಲ್ಲೆಗಳು ನಡೆಯುವವರ ನಾಡುಗಳೂ ಹೌದು. ಆಷಾಢ ಮಾಸದ ಏಕಾದಶಿಗಾಗಿ ನಾಸಿಕದ ಬಳಿಯ ತ್ರ್ಯಂಬಕೇಶ್ವರದಿಂದ ಸಂತ ನಿವೃತ್ತಿನಾಥರ ಪಾಲಖಿಯೂ, ಸಂಭಾಜಿನಗರ ಜಿಲ್ಲೆಯ ಪೈಠಣದಿಂದ ಸಂತ ಏಕನಾಥರ ಪಾಲಖಿಯೂ ಪಂಢರಪುರಕ್ಕೆ ಹೊರಡುತ್ತವೆ. ವಾರಕರಿಗಳು ನೂರಾರು ಕಿಲೋಮೀಟರುಗಳ ದಾರಿಯನ್ನು ಕಾಲ್ನಡಿಗೆಯಿಂದಲೇ ಸವೆಸುತ್ತಾರೆ. ನಾಸಿಕದ ಪಾಂಡವಲೇಣಿಗೂ ವಣಿಯ ಸಪ್ತಶೃಂಗಿಗೂ ದೇವಗಿರಿಯ ಕೋಟೆಗೂ ಮೆಟ್ಟಿಲುಗಳನ್ನು ಹತ್ತಿಯೇ ಹೋಗುವವರು ಇಂದಿಗೂ ಅಸಂಖ್ಯರು. ಅಂತಹ ಮೆಟ್ಟಿಲುಗಳ ಬುಡದಲ್ಲಿ ಕುಳಿತು, ಮೇಲಕ್ಕೆ ಹೋದ ಮನೆಯವರು ಇಳಿದು ಬರುವುದನ್ನೇ ಕಾಯುತ್ತಿರುವ ಹಿರಿಯರನ್ನು ನಾವು ಎಲ್ಲ ಕಡೆಯೂ ಕಾಣುತ್ತೇವೆ. ಅವರಲ್ಲಿ ಬಹುಮಂದಿಯ ತೊಂದರೆ ಮೊಣಕಾಲಿನದು. ಆದರೆ ಕೆಲವರು ಕೈಯಿಟ್ಟು ನೀವಿಕೊಳ್ಳುವುದು ಕಾಲಿನ ಹರಡನ್ನು. ಮೊಣಕಾಲಿಗೆ ಕೃತಕ ಕೀಲನ್ನು ಹಾಕುವ ಸಂಗತಿಯನ್ನು ಇಂದು ಚಿಕ್ಕ ಮಕ್ಕಳೂ ಬಲ್ಲರು. ಹರಡಿಗೂ ಹಾಗೆ ಮಾಡಬಹುದೇ, ಮಾಡಿದರೆ ಅದು ಎಷ್ಟು ವರ್ಷ ಬಾಳುತ್ತದೆ, ಎಂಬುದನ್ನು ಈ ಲೇಖನದಲ್ಲಿ ವಿಚಾರ ಮಾಡೋಣ.

ಮೊದಲು ಈ ಕೀಲಿನ ರಚನೆಯನ್ನು ತಿಳಿಯಬೇಕು. ಮೊಣಕಾಲಿನಿಂದ ಕೆಳಗೆ ಎರಡು ಎಲುಬುಗಳು ಇಳಿದು ಬರುತ್ತವೆ. ದಪ್ಪನಾದುದು ಟಿಬಿಯಾ, ತೆಳುವಾದುದು ಫಿಬ್ಯುಲಾ. ಹರಡಿನ ಎರಡೂ ಪಕ್ಕಗಳಲ್ಲಿ ಕೈಗೆ ತಾಗುವ ಗುಬ್ಬಿಗಳು ಇವುಗಳ ಕೊನೆಗಳೇ. ಇವೆರಡೂ ಸೇರಿ ಬಡಗಿಯು ಮರದಲ್ಲಿ ಕೊರೆದ ಗಾಡಿಯಂತಹ ಒಂದು ಕುಳಿಯನ್ನು ನಿರ್ಮಿಸುತ್ತವೆ. ಆ ಕುಳಿಯೊಳಗೆ ಟೇಲಸ್ ಎಂಬ ಚಿಕ್ಕ ಎಲುಬಿನ ಗುಮ್ಮಟದಂತಹ ಬೆನ್ನು ಕುಳಿತು ಹಿಂದಕ್ಕೂ ಮುಂದಕ್ಕೂ ತಿರುಗುತ್ತದೆ. ಟೇಲಸ್ಸಿಗೆ ಒಂದು ವೈಶಿಷ್ಟ್ಯವುಂಟು: ಅದಕ್ಕೆ ಯಾವ ಸ್ನಾಯುವೂ ಅಂಟಿಕೊಂಡಿಲ್ಲ. ಅದರ ಮೈಯ ಹೆಚ್ಚಿನ ಭಾಗವನ್ನು ನುಣುಪಾದ ಮೃದ್ವಸ್ಥಿಯೇ ಆವರಿಸಿರುವುದರಿಂದ ರಕ್ತನಾಳಗಳು ಒಳಹೊಗಲು ಇರುವ ಜಾಗವೂ ಕಡಮೆ. ಆದುದರಿಂದ ಒಮ್ಮೆ ಪೆಟ್ಟಾದರೆ ಅದು ವಾಸಿಯಾಗುವುದು ಕಷ್ಟ.

ಇಷ್ಟು ಚಿಕ್ಕ ಕೀಲು ಹೊರುವ ಭಾರವಾದರೋ ಆಶ್ಚರ್ಯಕರವಾದುದು. ನಾವು ನಡೆಯುವಾಗ ಹಿಂದಿನ ಪಾದದ ಬೆರಳುಗಳಿಂದ ನೆಲವನ್ನು ತಳ್ಳುವ ಕ್ಷಣದಲ್ಲಿ ಹರಡಿನ ಮೇಲೆ ದೇಹದ ತೂಕದ ಸುಮಾರು ಐದು ಪಟ್ಟು ಬಲ ಬೀಳುತ್ತದೆ. ಅರುವತ್ತು ಕಿಲೋ ತೂಕದ ಮನುಷ್ಯನಲ್ಲಿ ಅದು ಮುನ್ನೂರು ಕಿಲೋಗಳ ಭಾರಕ್ಕೆ ಸಮಾನ. ದಿನಕ್ಕೆ ಐದು ಸಾವಿರ ಹೆಜ್ಜೆ ನಡೆಯುವವನ ಒಂದೊಂದು ಹರಡೂ ಈ ಭಾರವನ್ನು ದಿನಕ್ಕೆ ೨,೫೦೦ ಬಾರಿ, ವರ್ಷಕ್ಕೆ ೯,೧೨,೫೦೦ ಬಾರಿ ಹೊರಬೇಕು. ಇಪ್ಪತ್ತು ವರ್ಷಗಳಲ್ಲಿ ಈ ಸಂಖ್ಯೆ ಒಂದು ಕೋಟಿ ಎಂಬತ್ತೆರಡು ಲಕ್ಷವನ್ನು ಮೀರುತ್ತದೆ. ಈ ಲೆಕ್ಕವನ್ನು ವಿದ್ಯಾರ್ಥಿಗಳು ನೆನಪಿನಲ್ಲಿಟ್ಟುಕೊಳ್ಳಬೇಕು. ಕೃತಕ ಕೀಲಿನ ಆಯುಷ್ಯವನ್ನು ಕುರಿತು ಮಾತನಾಡುವಾಗ ಇದು ಮತ್ತೆ ಬೇಕಾಗುತ್ತದೆ.

ಇಷ್ಟು ದುಡಿದರೂ ಹರಡಿನ ಕೀಲು ಕೇವಲ ವಯಸ್ಸಿನಿಂದ ಸವೆಯುವುದು ಅಪರೂಪ. ಸೊಂಟದ ಕೀಲಿನಲ್ಲಿಯೂ ಮೊಣಕಾಲಿನಲ್ಲಿಯೂ ಮುಪ್ಪಿನ ಸವೆತವೇ ಸಂಧಿವಾತಕ್ಕೆ ಮುಖ್ಯ ಕಾರಣ. ಹರಡಿನಲ್ಲಿ ಕಥೆ ಬೇರೆ. ಇಲ್ಲಿ ಹತ್ತು ರೋಗಿಗಳಲ್ಲಿ ಸುಮಾರು ಏಳು ಮಂದಿಗೆ ರೋಗದ ಮೂಲವು ಹಿಂದೆಂದೋ ಆದ ಗಾಯ. ಎಲುಬು ಮುರಿದಿರಬಹುದು, ಇಲ್ಲವೆ ಕಾಲು ಮತ್ತೆ ಮತ್ತೆ ಉಳುಕಿ ಕಟ್ಟುನಾರುಗಳು ಸಡಿಲಗೊಂಡಿರಬಹುದು. ಉಳಿದವರಲ್ಲಿ ಕೆಲವರಿಗೆ ರುಮಟಾಯ್ಡ್ ಎಂಬ ಸಂಧಿವಾತ ಬಾಧಿಸಿರುತ್ತದೆ. ಗಾಯವಾದ ಮೇಲೆ ಕೀಲಿನ ಮೇಲ್ಮೈ ಒಂದು ಕೂದಲಿನಷ್ಟು ಓರೆಯಾದರೂ ಭಾರವು ಸಮನಾಗಿ ಹಂಚಿಹೋಗುವುದಿಲ್ಲ. ಒಂದೇ ಕಡೆ ಬಿದ್ದ ಭಾರದಿಂದ ತೆಳುವಾದ ಮೃದ್ವಸ್ಥಿ ಸವೆದು, ಕೊನೆಗೆ ಎಲುಬಿಗೆ ಎಲುಬೇ ಉಜ್ಜತೊಡಗುತ್ತದೆ. ಗಾಯವಾದುದು ಇಪ್ಪತ್ತೈದನೆಯ ವಯಸ್ಸಿನಲ್ಲಿ. ನೋವು ಮೊದಲಾಗುವುದು ನಲವತ್ತೈದರಲ್ಲಿ. ಹೀಗಾಗಿ ಹರಡಿನ ರೋಗಿಯು ಮೊಣಕಾಲಿನ ರೋಗಿಗಿಂತ ಸಾಮಾನ್ಯವಾಗಿ ಕಿರಿಯನಾಗಿರುತ್ತಾನೆ. ಇನ್ನೂ ದುಡಿಯಬೇಕಾದ, ಇನ್ನೂ ಮೂವತ್ತು ವರ್ಷ ನಡೆಯಬೇಕಾದ ಮನುಷ್ಯನವನು. ಈ ಶಸ್ತ್ರಚಿಕಿತ್ಸೆಯ ಎಲ್ಲ ಕಷ್ಟವೂ ಇಲ್ಲಿಂದಲೇ ಹುಟ್ಟುತ್ತದೆ.

ನೋವು ಬಂದೊಡನೆ ಶಸ್ತ್ರವೈದ್ಯನ ಬಳಿಗೆ ಓಡಬೇಕಾಗಿಲ್ಲ. ಕೈಗೆ ಕೋಲು, ಹರಡನ್ನು ಬಿಗಿಹಿಡಿಯುವ ಪಟ್ಟಿ, ಅಡಿಭಾಗವು ತೊಟ್ಟಿಲಿನಂತೆ ಬಾಗಿರುವ ಪಾದರಕ್ಷೆ, ತೂಕ ಇಳಿಸುವುದು, ವೈದ್ಯರು ಹೇಳಿದ ನೋವಿನ ಔಷಧ, ಇವುಗಳಿಂದಲೇ ಅನೇಕರು ಹಲವಾರು ವರ್ಷಗಳನ್ನು ಕಳೆಯುತ್ತಾರೆ. ಇವೆಲ್ಲ ಸೋತ ಮೇಲೆ ಎರಡು ದಾರಿಗಳು ತೆರೆದುಕೊಳ್ಳುತ್ತವೆ.

ಮೊದಲನೆಯದು ಹಳೆಯ ದಾರಿ: ಕೀಲನ್ನು ಬೆಸೆದುಬಿಡುವುದು. ಸವೆದ ಮೃದ್ವಸ್ಥಿಯನ್ನು ಕೆರೆದು ತೆಗೆದು, ಟಿಬಿಯಾವನ್ನೂ ಟೇಲಸ್ಸನ್ನೂ ಒತ್ತಿ ಹಿಡಿದರೆ, ಮುರಿದ ಎಲುಬು ಕೂಡಿಕೊಳ್ಳುವಂತೆಯೇ ಅವೆರಡೂ ಕೂಡಿ ಒಂದಾಗುತ್ತವೆ. ಹತ್ತೊಂಬತ್ತನೆಯ ಶತಮಾನದಲ್ಲಿಯೇ ಈ ಕ್ರಮ ಆರಂಭವಾಯಿತು. ೧೯೫೧ರಲ್ಲಿ ಇಂಗ್ಲೆಂಡಿನ ಜಾನ್ ಚಾರ್ನ್‌ಲಿಯವರು ಎಲುಬುಗಳನ್ನು ಹೊರಗಿನಿಂದ ಒತ್ತಿ ಹಿಡಿಯುವ ವಿಧಾನವನ್ನು ಪ್ರಕಟಿಸಿದರು. ಮುಂದೆ ಸೊಂಟದ ಕೃತಕ ಕೀಲಿನಿಂದ ಲೋಕಪ್ರಸಿದ್ಧರಾದವರು ಇವರೇ. ಇಂದು ಒಳಗೆ ತಿರುಪುಮೊಳೆಗಳನ್ನು ಹಾಕಿ ಅದೇ ಕೆಲಸವನ್ನು ಸಾಧಿಸುತ್ತಾರೆ. ಚಲನೆ ಇಲ್ಲದ ಕಡೆ ಉಜ್ಜುವಿಕೆ ಇಲ್ಲ. ಉಜ್ಜುವಿಕೆ ಇಲ್ಲದ ಕಡೆ ನೋವೂ ಇಲ್ಲ. ಚೆನ್ನಾಗಿ ಬೆಸೆದ ಹರಡಿನವನು ಸಮನೆಲದ ಮೇಲೆ ನಡೆಯುವುದನ್ನು ನೋಡಿದರೆ ಅವನಿಗೆ ಶಸ್ತ್ರಕ್ರಿಯೆಯಾಗಿದೆಯೆಂದು ಹೇಳುವುದೇ ಕಷ್ಟ.

ಆದರೆ ಈ ಲಾಭಕ್ಕೂ ಬೆಲೆಯುಂಟು. ಹರಡು ಮಾಡುತ್ತಿದ್ದ ಕೆಲಸವನ್ನು ಅದರ ಕೆಳಗೂ ಮುಂದೂ ಇರುವ ಪಾದದ ಚಿಕ್ಕ ಕೀಲುಗಳು ಹಂಚಿಕೊಳ್ಳಬೇಕಾಗುತ್ತದೆ. ಅಮೆರಿಕದ ಅಯೋವಾದ ವೈದ್ಯರು ಹರಡನ್ನು ಬೆಸೆಯಿಸಿಕೊಂಡ ೨೩ ಮಂದಿಯನ್ನು ಸರಾಸರಿ ೨೨ ವರ್ಷಗಳ ತರುವಾಯ ಮತ್ತೆ ಪರೀಕ್ಷಿಸಿ ೨೦೦೧ರಲ್ಲಿ ವರದಿಯನ್ನು ಪ್ರಕಟಿಸಿದರು. ಹೆಚ್ಚಿನವರಲ್ಲಿ ಅದೇ ಕಾಲಿನ ನೆರೆಯ ಕೀಲುಗಳಿಗೆ ಸಂಧಿವಾತ ಬಲವಾಗಿ ಅಂಟಿಕೊಂಡಿತ್ತು. ಇನ್ನೊಂದು ಕಾಲಿನಲ್ಲಿ ಅಷ್ಟಿರಲಿಲ್ಲ. ಬೆಸುಗೆಯು ನೋವನ್ನು ಕಳೆದದ್ದು ನಿಜ. ಆದರೆ ಇಪ್ಪತ್ತು ವರ್ಷಗಳ ಅನಂತರ ನೋವು ನೆರೆಮನೆಯ ಬಾಗಿಲನ್ನು ತಟ್ಟಿತ್ತು.

ಎರಡನೆಯ ದಾರಿಯೇ ಕೃತಕ ಕೀಲು. ಇದರ ಚರಿತ್ರೆ ಸೋಲಿನಿಂದ ಕೂಡಿದ್ದು, ಆ ಕಾರಣದಿಂದಲೇ ಬೋಧಪ್ರದವಾಗಿದೆ. ೧೯೬೨ರಲ್ಲಿ ಅಯೋವಾ ವಿಶ್ವವಿದ್ಯಾನಿಲಯದ ಕ್ಯಾರಲ್ ಲಾರ್ಸನ್ ಎಂಬ ಶಸ್ತ್ರವೈದ್ಯರು ಒಬ್ಬ ರೋಗಿಯ ಟೇಲಸ್ಸಿನ ಬೆನ್ನಿಗೆ ವಿಟಾಲಿಯಂ ಎಂಬ ಮಿಶ್ರಲೋಹದ ಟೊಪ್ಪಿಗೆಯನ್ನು ತೊಡಿಸಿದರು. ಆ ಕಾಲು ನಲವತ್ತು ವರ್ಷಗಳ ತರುವಾಯವೂ ಕೆಲಸ ಮಾಡುತ್ತಿದ್ದುದು ೨೦೦೨ರಲ್ಲಿ ವರದಿಯಾಯಿತು. ಆದರೆ ಒಂದು ಕಾಲಿನ ಯಶಸ್ಸಿನಿಂದ ಎಲ್ಲ ಕಾಲುಗಳ ಭವಿಷ್ಯವನ್ನು ಹೇಳಲಾಗದು. ೧೯೭೦ರಲ್ಲಿ ಫ್ರಾನ್ಸಿನ ಲಾರ್ಡ್ ಮತ್ತು ಮಾರೋಟ್ ಎಂಬವರು ಸೊಂಟಕ್ಕೆ ಬಳಸುವ ಕೃತಕ ಕೀಲನ್ನೇ ತಲೆಕೆಳಗಾಗಿ ತಿರುಗಿಸಿ, ಉದ್ದನೆಯ ದಂಡವನ್ನು ಟಿಬಿಯಾದೊಳಗೆ ಇಳಿಸಿದರು. ಟೇಲಸ್ಸನ್ನು ಪೂರ್ಣವಾಗಿ ತೆಗೆದು ಅಲ್ಲಿ ಬಟ್ಟಲನ್ನು ಇಟ್ಟರು. ಹತ್ತು ವರ್ಷಗಳ ಮೇಲೆ ತಾವು ಮಾಡಿದ ೨೫ ಶಸ್ತ್ರಕ್ರಿಯೆಗಳ ಫಲವನ್ನು ಅವರೇ ಎಣಿಸಿದಾಗ ತೃಪ್ತಿಕರವಾಗಿದ್ದುವು ಏಳು ಮಾತ್ರ, ಹನ್ನೆರಡು ಸೋತಿದ್ದುವು. ಸೊಂಟದ ಕೀಲಿನ ಚೆಂಡು ಎಲ್ಲ ದಿಕ್ಕಿಗೂ ತಿರುಗುತ್ತದೆ. ಹರಡಾದರೋ ಮುಖ್ಯವಾಗಿ ಹಿಂದೆಮುಂದೆ ಮಾತ್ರ ಬಾಗುತ್ತದೆ. ಒಂದಕ್ಕೆ ಒಪ್ಪಿದ ಯಂತ್ರ ಇನ್ನೊಂದಕ್ಕೆ ಒಪ್ಪಲಿಲ್ಲ. ತಮ್ಮ ಸೋಲನ್ನು ಅಂಕೆಸಂಖ್ಯೆಗಳ ಸಹಿತ ಲೋಕದ ಮುಂದಿಟ್ಟ ಆ ವೈದ್ಯರ ಪ್ರಾಮಾಣಿಕತೆಯು ಸ್ಮರಣೀಯವಾದುದು.

ಅದೇ ದಶಕದಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ಲೋಹ ಮತ್ತು ಪ್ಲಾಸ್ಟಿಕ್ಕಿನ ಎರಡು ಭಾಗಗಳುಳ್ಳ ಕೀಲನ್ನು ಎಲುಬಿನ ಸಿಮೆಂಟಿನಿಂದ ಅಂಟಿಸುವ ಕ್ರಮವನ್ನು ಅನುಸರಿಸಿದರು. ಅಂತಹ ೨೦೪ ಕೀಲುಗಳ ಫಲ ೧೯೯೪ರಲ್ಲಿ ಪ್ರಕಟವಾಯಿತು. ಐದು ವರ್ಷಗಳಿಗೆ ನೂರಕ್ಕೆ ೭೯, ಹತ್ತು ವರ್ಷಗಳಿಗೆ ೬೫, ಹದಿನೈದು ವರ್ಷಗಳಿಗೆ ೬೧ ಉಳಿದಿದ್ದುವು. ಉಳಿದವುಗಳಲ್ಲಿಯೂ ನೋವಿಲ್ಲದವು ಎಲ್ಲವೂ ಅಲ್ಲ. ಆ ಮಾದರಿಯನ್ನು ಮುಂದೆ ಬಳಸಬಾರದೆಂದು ಅದನ್ನು ಪರೀಕ್ಷಿಸಿದವರೇ ತೀರ್ಮಾನಿಸಿದರು. ಬಹುಮಂದಿ ಶಸ್ತ್ರವೈದ್ಯರು ಮತ್ತೆ ಬೆಸುಗೆಯ ದಾರಿಗೇ ಹಿಂದಿರುಗಿದರು.

ಎಲ್ಲರೂ ಹಿಂದಿರುಗಲಿಲ್ಲ. ಕೋಪನ್‌ಹೇಗನ್ನಿನ ಹಾಕನ್ ಕೊಫೋಡ್, ಅಮೆರಿಕದ ನ್ಯೂಜರ್ಸಿಯ ಬ್ಯೂಕೆಲ್ ಮತ್ತು ಪಾಪಸ್ ಮೊದಲಾದವರು ಸೋಲಿನ ಕಾರಣಗಳನ್ನು ಹುಡುಕಿದರು. ಸಿಮೆಂಟಿಗಾಗಿ ಎಲುಬನ್ನು ಅತಿಯಾಗಿ ಕತ್ತರಿಸಿದಾಗ ಒಳಗಿನ ಮೆತ್ತನೆಯ ಭಾಗ ಭಾರವನ್ನು ತಾಳುತ್ತಿರಲಿಲ್ಲ. ಬಿಗಿಯಾದ ಯಂತ್ರವು ಪಾದದ ತಿರುಚುವಿಕೆಯನ್ನೆಲ್ಲ ಎಲುಬಿಗೇ ದಾಟಿಸಿ ತನ್ನ ಬೇರನ್ನು ತಾನೇ ಸಡಿಲಿಸುತ್ತಿತ್ತು. ಆದುದರಿಂದ ಹೊಸ ಮಾದರಿಗಳಲ್ಲಿ ಎಲುಬನ್ನು ಸ್ವಲ್ಪವೇ ಕತ್ತರಿಸಿ, ಒರಟಾದ ಮೈಯುಳ್ಳ ಲೋಹವನ್ನು ಸಿಮೆಂಟಿಲ್ಲದೆ ಕೂರಿಸುತ್ತಾರೆ. ಎಲುಬು ಆ ಒರಟು ಮೈಯೊಳಗೆ ತಾನೇ ಬೆಳೆದು ಹಿಡಿದುಕೊಳ್ಳುತ್ತದೆ. ಮೇಲಿನ ಲೋಹಕ್ಕೂ ಕೆಳಗಿನ ಲೋಹಕ್ಕೂ ನಡುವೆ ಪಾಲಿಎಥಿಲೀನ್ ಎಂಬ ನುಣುಪಾದ ಪ್ಲಾಸ್ಟಿಕ್ಕಿನ ತುಂಡು ಇರುತ್ತದೆ. ಕೆಲವು ಮಾದರಿಗಳಲ್ಲಿ ಅದು ಜಾರಾಡುತ್ತದೆ, ಕೆಲವುಗಳಲ್ಲಿ ಸ್ಥಿರವಾಗಿರುತ್ತದೆ.

ಇವುಗಳ ದೀರ್ಘಕಾಲದ ಫಲವನ್ನು ತಿಳಿಯಲು ಸ್ವೀಡನ್ ದೇಶದ ದಾಖಲೆಯು ಒಳ್ಳೆಯ ಆಧಾರ. ಅಲ್ಲಿ ೧೯೯೩ರಿಂದ ನಡೆದ ಹರಡಿನ ಕೃತಕ ಕೀಲುಗಳನ್ನು ಒಂದು ರಾಷ್ಟ್ರೀಯ ಪುಸ್ತಕದಲ್ಲಿ ದಾಖಲಿಸುತ್ತ ಬಂದಿದ್ದಾರೆ. ೧,೨೨೬ ಕೀಲುಗಳ ಲೆಕ್ಕವನ್ನು ೨೦೨೦ರಲ್ಲಿ ಪ್ರಕಟಿಸಿದರು. ನೂರು ಕೀಲುಗಳಲ್ಲಿ ಐದು ವರ್ಷಗಳಿಗೆ ಸುಮಾರು ೮೫, ಹತ್ತು ವರ್ಷಗಳಿಗೆ ೭೪, ಹದಿನೈದು ವರ್ಷಗಳಿಗೆ ೬೩, ಇಪ್ಪತ್ತು ವರ್ಷಗಳಿಗೆ ೫೮ ಉಳಿಯುತ್ತವೆಂದು ಅದರಿಂದ ತಿಳಿಯುತ್ತದೆ. ಹಳೆಯ ಮಾದರಿಗಳಿಗಿಂತ ಹೊಸವುಗಳು ಸ್ಪಷ್ಟವಾಗಿ ಮೇಲಾಗಿ ನಿಂತಿವೆ. ಆದರೂ ಸೊಂಟದ ಮತ್ತು ಮೊಣಕಾಲಿನ ಕೃತಕ ಕೀಲುಗಳ ಬಾಳಿಕೆಯನ್ನು ಹರಡಿನ ಕೀಲು ಇನ್ನೂ ಮುಟ್ಟಿಲ್ಲ. ಮೇಲೆ ಮಾಡಿದ ಒಂದು ಕೋಟಿ ಎಂಬತ್ತೆರಡು ಲಕ್ಷ ಹೆಜ್ಜೆಗಳ ಲೆಕ್ಕವನ್ನು ನೆನೆದರೆ, ಅರ್ಧಕ್ಕಿಂತ ಹೆಚ್ಚು ಕೀಲುಗಳು ಉಳಿದಿರುವುದೇ ಸಾಮಾನ್ಯ ಸಾಧನೆಯಲ್ಲವೆಂದು ತೋರುತ್ತದೆ.

ಇಂತಹ ಸಂಖ್ಯೆಗಳನ್ನು ಓದುವ ಕ್ರಮವನ್ನೂ ಕಲಿಯಬೇಕು. ಇಲ್ಲಿ ‘ಉಳಿಯಿತು’ ಎಂದರೆ ಕೀಲನ್ನು ತೆಗೆಯಬೇಕಾಗಲಿಲ್ಲ, ಬದಲಿಸಬೇಕಾಗಲಿಲ್ಲ ಎಂದಷ್ಟೇ ಅರ್ಥ. ನೋವು ಲೇಶವೂ ಇಲ್ಲವೆಂದು ಅರ್ಥವಲ್ಲ. ಹಾಗೆಯೇ ‘ಸೋತಿತು’ ಎಂದರೆ ಆ ಮನುಷ್ಯ ಮತ್ತೆ ನಡೆಯಲೇ ಇಲ್ಲವೆಂದಲ್ಲ. ಬಹುಮಂದಿಗೆ ಹೊಸ ಕೀಲನ್ನು ಹಾಕುತ್ತಾರೆ, ಇಲ್ಲವೆ ಬೆಸೆಯುತ್ತಾರೆ. ಇನ್ನೊಂದು ಸೂಕ್ಷ್ಮವುಂಟು. ಅರುವತ್ತೈದರ ವಯಸ್ಸಿನಲ್ಲಿ ಶಸ್ತ್ರಕ್ರಿಯೆ ಮಾಡಿಸಿಕೊಂಡವರಲ್ಲಿ ಅನೇಕರು ಇಪ್ಪತ್ತು ವರ್ಷ ತುಂಬುವುದರೊಳಗೆ ಬೇರೆ ಕಾರಣಗಳಿಂದ ತೀರಿಕೊಳ್ಳುತ್ತಾರೆ. ಅವರ ಕೀಲು ಸೋಲಲಿಲ್ಲ. ಅವರ ಆಯುಷ್ಯವೇ ಮೊದಲು ಮುಗಿಯಿತು. ಅಂತಹವರನ್ನು ಅವರು ಬದುಕಿದ್ದ ದಿನದವರೆಗೆ ಮಾತ್ರ ಲೆಕ್ಕಕ್ಕೆ ತೆಗೆದುಕೊಂಡು, ಉಳಿದವರಿಂದ ಮುಂದಿನ ಪ್ರಮಾಣವನ್ನು ಊಹಿಸುತ್ತಾರೆ. ಆದುದರಿಂದ ಇಪ್ಪತ್ತನೆಯ ವರ್ಷದ ಸಂಖ್ಯೆಯು ಕೆಲವೇ ಜನರ ಮೇಲೆ ನಿಂತಿರುತ್ತದೆ. ಐದನೆಯ ವರ್ಷದ ಸಂಖ್ಯೆಯಷ್ಟು ಅದು ಗಟ್ಟಿಯಲ್ಲ.

ಸೋಲುವ ಕೀಲುಗಳು ಏಕೆ ಸೋಲುತ್ತವೆ? ಲೋಹವು ಎಲುಬಿನಿಂದ ಸಡಿಲವಾಗುವುದು ಮುಖ್ಯ ಕಾರಣ. ಪ್ಲಾಸ್ಟಿಕ್ಕು ಸವೆದು ಉದುರಿದ ಕಣಗಳನ್ನು ಶರೀರವು ಶತ್ರುವೆಂದು ಭಾವಿಸಿ ಹೋರಾಡುವಾಗ ಸುತ್ತಲಿನ ಎಲುಬೂ ಕರಗಿ ಟೊಳ್ಳು ಬೀಳುವುದುಂಟು. ಹರಡಿನ ಮುಂಭಾಗದ ಚರ್ಮ ತೆಳುವಾದುದರಿಂದ ಗಾಯ ಮಾಯುವುದು ತಡವಾಗಿ ಸೋಂಕು ಒಳಹೊಗಬಹುದು. ಕೀಲನ್ನು ಸ್ವಲ್ಪ ಓರೆಯಾಗಿ ಕೂರಿಸಿದರೂ ಒಂದು ಅಂಚಿಗೆ ಭಾರ ಬಿದ್ದು ಬೇಗ ಸವೆಯುತ್ತದೆ. ೨೦೨೧ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು, ತಾನೇ ೨೦೦೯ರಲ್ಲಿ ಅನುಮತಿ ನೀಡಿದ್ದ ಸ್ಟಾರ್ ಎಂಬ ಮಾದರಿಯ ಪ್ಲಾಸ್ಟಿಕ್ ಭಾಗವು ಎಣಿಸಿದ್ದಕ್ಕಿಂತ ಹೆಚ್ಚಾಗಿ ಮುರಿಯುತ್ತಿದೆಯೆಂದು ಎಚ್ಚರಿಕೆಯನ್ನು ಹೊರಡಿಸಿತು. ಶಸ್ತ್ರಕ್ರಿಯೆಯಾಗಿ ಹನ್ನೆರಡು ವರ್ಷ ಕಳೆದರೂ ವೈದ್ಯರು ಕ್ಷಕಿರಣದ ಚಿತ್ರಕ್ಕಾಗಿ ಕರೆಯುವುದು ಏಕೆಂಬುದು ಇದರಿಂದ ತಿಳಿಯುತ್ತದೆ.

ಎರಡು ದಾರಿಗಳಲ್ಲಿ ಯಾವುದು ಮೇಲು? ಬ್ರಿಟನ್ನಿನ ೧೭ ಆಸ್ಪತ್ರೆಗಳಲ್ಲಿ ೫೦ರಿಂದ ೮೫ ವರ್ಷದೊಳಗಿನ ೩೦೩ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಕೃತಕ ಕೀಲನ್ನೂ ಇನ್ನೊಂದಕ್ಕೆ ಬೆಸುಗೆಯನ್ನೂ ಮಾಡಿ ನೋಡಿದರು. ಅದರ ಫಲ ೨೦೨೨ರಲ್ಲಿ ಪ್ರಕಟವಾಯಿತು. ಒಂದು ವರ್ಷದ ಕೊನೆಗೆ ಎರಡು ಗುಂಪಿನವರೂ ಬಹಳ ಸುಧಾರಿಸಿದ್ದರು. ನಡೆಯುವ ಶಕ್ತಿಯಲ್ಲಿ ಎರಡಕ್ಕೂ ನಿರ್ಣಾಯಕವಾದ ಅಂತರ ಕಾಣಲಿಲ್ಲ. ಕೃತಕ ಕೀಲಿನವರಲ್ಲಿ ಗಾಯ ಮಾಯುವ ತೊಂದರೆ ಹೆಚ್ಚು. ಬೆಸುಗೆಯವರಲ್ಲಿ ಕೆಲವರಿಗೆ ಎಲುಬು ಕೂಡಿಕೊಳ್ಳಲೇ ಇಲ್ಲ. ಆದುದರಿಂದ ಉತ್ತರವು ಯಂತ್ರದಲ್ಲಿಲ್ಲ, ರೋಗಿಯ ಬಾಳಿನಲ್ಲಿದೆ.

ಇಬ್ಬರನ್ನು ಕಲ್ಪಿಸಿಕೊಳ್ಳೋಣ. ಪೈಠಣದ ಕಡೆಯ ರೈತನೊಬ್ಬನಿಗೆ ನಲವತ್ತೆರಡು ವರ್ಷ. ತಾರುಣ್ಯದಲ್ಲಿ ಗಾಡಿಯಿಂದ ಬಿದ್ದು ಹರಡು ಮುರಿದಿತ್ತು. ಅವನು ಕಪ್ಪು ಮಣ್ಣಿನ ಹೆಂಟೆಗಳ ಮೇಲೆ ದಿನವಿಡೀ ಭಾರ ಹೊತ್ತು ನಡೆಯಬೇಕು. ಅವನಿಗೆ ಕೃತಕ ಕೀಲನ್ನು ಹಾಕಿದರೆ ಅದು ಬೇಗ ಸವೆದು, ಅರುವತ್ತು ತುಂಬುವ ಮೊದಲೇ ಮತ್ತೊಂದು ದೊಡ್ಡ ಶಸ್ತ್ರಕ್ರಿಯೆ ಬೇಕಾಗಬಹುದು. ಆ ಹೊತ್ತಿಗೆ ಉಳಿದಿರುವ ಎಲುಬೂ ಕಡಮೆ. ನೆರೆಯ ಕೀಲುಗಳು ಆರೋಗ್ಯವಾಗಿದ್ದರೆ ಅವನಿಗೆ ಬೆಸುಗೆಯೇ ಒಪ್ಪೀತು. ನಾಸಿಕದಲ್ಲಿ ನಿವೃತ್ತರಾದ ಶಿಕ್ಷಕಿಯೊಬ್ಬರಿಗೆ ಅರುವತ್ತೆಂಟು ವರ್ಷ. ರುಮಟಾಯ್ಡ್ ರೋಗದಿಂದ ಪಾದದ ಇತರ ಕೀಲುಗಳೂ ಗಟ್ಟಿಯಾಗಿವೆ. ಹರಡನ್ನೂ ಬೆಸೆದರೆ ಅವರ ಪಾದವೆಲ್ಲ ಒಂದು ಹಲಗೆಯಂತಾಗುತ್ತದೆ. ಮನೆ, ದೇವಸ್ಥಾನ, ಗೋದಾವರಿಯ ಘಟ್ಟ, ಇಷ್ಟೇ ಅವರ ನಡಿಗೆ. ಅವರಿಗೆ ಕೃತಕ ಕೀಲು ಆಯುಷ್ಯದ ಕೊನೆಯವರೆಗೂ ಸಾಕಾಗಬಹುದು. ರೋಗದ ಹೆಸರು ಒಂದೇ, ತೀರ್ಪು ಎರಡು.

ನಮ್ಮ ದೇಶದ ರೋಗಿಗೆ ಇನ್ನೊಂದು ಪ್ರಶ್ನೆಯುಂಟು. ಊಟಕ್ಕೂ ಪೂಜೆಗೂ ನೆಲದ ಮೇಲೆ ಕೂರುವವರು, ಕುಕ್ಕುರುಗಾಲಿನಲ್ಲಿ ಕುಳಿತು ಕೆಲಸ ಮಾಡುವವರು ನಮ್ಮಲ್ಲಿ ಬಹಳ. ಕುಕ್ಕುರುಗಾಲಿಗೆ ಹರಡು ಬಹಳವಾಗಿ ಮುಂದಕ್ಕೆ ಬಾಗಬೇಕು. ಬೆಸೆದ ಹರಡು ಬಾಗುವುದೇ ಇಲ್ಲ. ಕೃತಕ ಕೀಲೂ ಅಷ್ಟು ಬಾಗುವುದು ವಿರಳ. ಶಸ್ತ್ರಕ್ರಿಯೆಗೆ ಮೊದಲು ಎಷ್ಟು ಚಲನೆಯಿತ್ತೋ ಸುಮಾರಾಗಿ ಅದೇ ಉಳಿಯುತ್ತದೆ, ಅಥವಾ ಸ್ವಲ್ಪ ಹೆಚ್ಚುತ್ತದೆ. ನೋವು ಹೋಗುತ್ತದೆಂಬ ಭರವಸೆಯನ್ನು ಯೌವನ ಮರಳಿ ಬರುತ್ತದೆಂದು ತಿಳಿದುಕೊಂಡವನು ಒಳ್ಳೆಯ ಶಸ್ತ್ರಕ್ರಿಯೆಯಿಂದಲೂ ನಿರಾಶನಾಗುತ್ತಾನೆ.

ಸಂಭಾಜಿನಗರದಲ್ಲಿ ಸರಕಾರಿ ವೈದ್ಯಕೀಯ ಮಹಾವಿದ್ಯಾಲಯವು ೧೯೫೬ರಿಂದ ಮರಾಠವಾಡದ ಬಡವರ ಸೇವೆ ಮಾಡುತ್ತಿದೆ. ಜನರು ಅದನ್ನು ಘಾಟಿ ಆಸ್ಪತ್ರೆಯೆಂದು ಕರೆಯುತ್ತಾರೆ. ನಾಸಿಕದಲ್ಲಿ ೧೯೯೮ರಲ್ಲಿ ಮಹಾರಾಷ್ಟ್ರ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ನಮ್ಮ ಶಾಲೆಯಲ್ಲಿ ಇಂದು ಓದುತ್ತಿರುವವರಲ್ಲಿ ಕೆಲವರು ನಾಳೆ ಇಂತಹ ಸಂಸ್ಥೆಗಳಲ್ಲಿ ವೈದ್ಯರಾಗಬಹುದು. ಅವರು ಸ್ವೀಡನ್ನಿನಿಂದ ಕಲಿಯಬೇಕಾದುದು ಯಂತ್ರದ ರಹಸ್ಯವನ್ನಲ್ಲ. ದಾಖಲೆ ಇಡುವ ಶಿಸ್ತನ್ನು. ಮಾಡಿದ ಕೆಲಸವನ್ನು ಇಪ್ಪತ್ತು ವರ್ಷ ಬಿಡದೆ ಹಿಂಬಾಲಿಸಿ, ಗೆದ್ದದ್ದನ್ನೂ ಸೋತದ್ದನ್ನೂ ಒಂದೇ ಪುಸ್ತಕದಲ್ಲಿ ಬರೆದಿಡುವವರಿಂದ ಮಾತ್ರ ಮುಂದಿನ ರೋಗಿಗೆ ಸತ್ಯ ತಿಳಿಯುತ್ತದೆ. ರೋಗಿಯ ಮನೆಯವರಾದ ನಮಗೂ ಒಂದು ಕರ್ತವ್ಯವಿದೆ. ಯಾವ ಮಾದರಿಯ ಕೀಲು, ಯಾವ ದಿನ ಹಾಕಿದರು, ಎಂಬ ಕಾಗದವನ್ನೂ ಕ್ಷಕಿರಣದ ಚಿತ್ರಗಳನ್ನೂ ಮನೆಯ ಮುಖ್ಯ ಪತ್ರಗಳ ಜೊತೆಗೆ ಕಾಪಾಡಬೇಕು.

ಕೊನೆಯದಾಗಿ ಒಂದು ಮಾತು ನಮ್ಮ ಆಟಗಾರರಿಗೆ. ಕಬಡ್ಡಿಯಲ್ಲಿಯೋ ಖೋಖೋದಲ್ಲಿಯೋ ಹರಡು ಉಳುಕಿದಾಗ ಸಹಿಸಿಕೊಂಡು ಮರುದಿನವೇ ಮೈದಾನಕ್ಕೆ ಇಳಿಯುವುದನ್ನು ನಾವು ಶೌರ್ಯವೆಂದು ಹೊಗಳುವುದುಂಟು. ಊದಿಕೊಂಡ ಕಾಲಿನ ಮೇಲೆ ನಾಲ್ಕು ಹೆಜ್ಜೆ ಇಡಲಾಗದಿದ್ದರೆ ವೈದ್ಯರಿಗೆ ತೋರಿಸಿ ಎಲುಬು ಮುರಿದಿಲ್ಲವೆಂದು ಖಚಿತಮಾಡಿಕೊಳ್ಳಬೇಕು. ಪೂರ್ಣ ವಾಸಿಯಾಗುವವರೆಗೆ ವಿಶ್ರಾಂತಿಯನ್ನೂ, ಅನಂತರ ಒಂಟಿಕಾಲಿನಲ್ಲಿ ನಿಂತು ಸಮತೋಲವನ್ನು ಸಾಧಿಸುವ ವ್ಯಾಯಾಮವನ್ನೂ ಕಾಲಿಗೆ ಕೊಡಬೇಕು. ಹತ್ತರಲ್ಲಿ ಏಳು ರೋಗಿಗಳ ಕಥೆ ಹಳೆಯ ಗಾಯದಿಂದಲೇ ಆರಂಭವಾಯಿತೆಂಬುದನ್ನು ಮರೆಯಬಾರದು. ಅತ್ಯುತ್ತಮ ಕೃತಕ ಕೀಲು ಇಪ್ಪತ್ತು ವರ್ಷ ಬಾಳಿದರೆ ಅದು ವೈದ್ಯನ ಕೀರ್ತಿ. ಹುಟ್ಟುವಾಗ ಬಂದ ಕೀಲು ಎಂಬತ್ತು ವರ್ಷ ಯಾವ ಎಣ್ಣೆಯನ್ನೂ ಬೇಡದೆ ದುಡಿಯುತ್ತದೆ. ಪಾಲಖಿಯ ಹಿಂದೆ ನಡೆಯುವ ಮುದುಕ ವಾರಕರಿಯ ಪಾದಗಳನ್ನು ಮುಂದೆ ಎಂದಾದರೂ ಕಂಡಾಗ, ಅವನ ಭಕ್ತಿಯ ಜೊತೆಗೆ ಆ ಚಿಕ್ಕ ಕೀಲಿಗೂ ನಮ್ಮ ನಮಸ್ಕಾರ ಸಲ್ಲಲಿ.